ಜೆರಾಕ್ಸೋ, ಮಾಸ್ಕೋ, ಹೆಬ್ಬೆಟ್ಟೋ: ಆಧಾರ್ ಕೇಳಿದಾಗ ಯಾರಿಗೆ ಏನು ಕೊಡಬೇಕು?

ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ "ಆಧಾರ್ ಎರಡು ಕಾಪಿ" ಅಂದರೆ ಮುಗಿಯಿತು. ಹಿಂದೆ ಮುಂದೆ ಎರಡೂ ಬದಿ ಒಂದೇ ಹಾಳೆಗೆ ಬಂದು ಕೈಸೇರುತ್ತದೆ. ಬೆಳೆಸಾಲಕ್ಕೆ ಸೊಸೈಟಿಗೂ ಅದೇ ಕಾಪಿ, ಸಿಮ್ ಅಂಗಡಿಗೂ ಅದೇ, ಮದುವೆ ಛತ್ರ ಬುಕ್ ಮಾಡುವವರಿಗೂ ಅದೇ. ಕೇಳುವವರಲ್ಲಿ ಮಾತ್ರ ಮೂರು ಥರ ಇದ್ದಾರೆ. ಮೊದಲನೆಯವರಿಗೆ ನೀವು ಇಂಥವರೇ ಎಂದು ಗೊತ್ತಾದರೆ ಸಾಕು. ಎರಡನೆಯವರಿಗೆ 12 ಅಂಕಿಯೇ ಬೇಕು, ಅದನ್ನು ಸರ್ಕಾರದ ತಂತ್ರಾಂಶಕ್ಕೆ ಹಾಕದೆ ಅವರ ಕೆಲಸ ಮುಂದೆ ಹೋಗುವುದಿಲ್ಲ. ಮೂರನೆಯವರಿಗೆ ಕಾಗದವೇ ಬೇಡ, ನಿಮ್ಮ ಬೆರಳು, ಮುಖ ಅಥವಾ ಓಟಿಪಿ ಬೇಕು. ಈ ಮೂವರನ್ನು ಬೇರೆ ಮಾಡಿಕೊಂಡರೆ ಆಯ್ಕೆ ಅರ್ಧ ಆದ ಹಾಗೆ. ಉಳಿದರ್ಧ ನಮ್ಮ ಮಲೆನಾಡಿನದೇ ತಾಪತ್ರಯ: ಸಿಗ್ನಲ್ ಇಲ್ಲದ ಊರು, ಅಡಿಕೆ ಸುಲಿದು ಸವೆದ ಬೆರಳು.

ನಂಬರ್ ಗೊತ್ತಾದರೆ ಏನಾಗುತ್ತದೆ?

ಇದರ ಬಗ್ಗೆ ಎರಡು ಅಭಿಪ್ರಾಯ ಎಲ್ಲ ಕಟ್ಟೆಯಲ್ಲೂ ಕೇಳುತ್ತವೆ. ಒಂದು, "ಆಧಾರ್ ನಂಬರ್ ಸಿಕ್ಕರೆ ಖಾತೆ ಖಾಲಿ". ಇನ್ನೊಂದು, "ನಮ್ಮ ಹತ್ರ ಕದಿಯೋಕೆ ಏನಿದೆ ಮಾರಾಯ್ರೆ". ಎರಡೂ ಸರಿಯಲ್ಲ.

ಬರೀ ನಂಬರಿನಿಂದ ದುಡ್ಡು ಹೋಗುವುದಿಲ್ಲ. 2018ರ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಆಗಿನ ಅಧ್ಯಕ್ಷ ಆರ್.ಎಸ್. ಶರ್ಮ ತಮ್ಮ ಆಧಾರ್ ಸಂಖ್ಯೆಯನ್ನು ಟ್ವಿಟರ್‌ನಲ್ಲಿ ಹಾಕಿ, ಏನು ಹಾನಿ ಮಾಡುತ್ತೀರೋ ಮಾಡಿ ಎಂದು ಸವಾಲು ಹಾಕಿದ್ದರು. ಅವರ ದುಡ್ಡು ಹೋಗಲಿಲ್ಲ. ಆದರೆ ಫೋನ್ ನಂಬರು, ಪ್ಯಾನ್, ವಿಳಾಸ ಅಂತ ಒಂದೊಂದೇ ವಿವರ ಹೊರಗೆ ಬಂತು, ಕೆಲವರು ಅವರ ಖಾತೆಗೆ 1 ರೂಪಾಯಿ ಹಾಕಿಯೂ ತೋರಿಸಿದರು. ಯಾರೂ ಹೀಗೆ ಮಾಡಬೇಡಿ ಎಂದು ಆಮೇಲೆ ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ತಾನೇ ಹೇಳಬೇಕಾಯಿತು. ನಂಬರ್ ಒಂದು ದಾರದ ತುದಿ ಇದ್ದ ಹಾಗೆ. ಎಳೆಯುತ್ತಾ ಹೋದರೆ ಜತೆಗೆ ಇನ್ನೇನೋ ಬರುತ್ತದೆ.

ದುಡ್ಡು ಹೋಗುವುದು ನಂಬರಿನ ಜತೆ ಬೆರಳಚ್ಚೂ ಬ್ಯಾಂಕಿನ ಹೆಸರೂ ಕೂಡಿದಾಗ. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಬೇಕಾಗಿರುವುದು ಈ ಮೂರೇ. ಪಿನ್ ಇಲ್ಲ, ಓಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. 2023ರಲ್ಲಿ ಬೆಂಗಳೂರಿನಲ್ಲಿ ಸಾಲುಸಾಲು ದೂರು ದಾಖಲಾದದ್ದು ಹೀಗೆ: ಆಸ್ತಿ ನೋಂದಣಿ ಪತ್ರದಲ್ಲಿ ಒತ್ತಿದ ಹೆಬ್ಬೆಟ್ಟನ್ನು ಸ್ಕ್ಯಾನ್ ಮಾಡಿ, ಅಂಟಿನಂಥ ವಸ್ತುವಿನಲ್ಲಿ ಅಚ್ಚು ತೆಗೆದು, ಅದೇ ಪತ್ರದಲ್ಲಿದ್ದ ಆಧಾರ್ ಸಂಖ್ಯೆ ಹಾಕಿ ಹಣ ತೆಗೆದಿದ್ದರು. ಒಂದೇ ಹಾಳೆಯಲ್ಲಿ ಬೆರಳೂ ನಂಬರೂ ಸಿಕ್ಕಿದ್ದೇ ಅಲ್ಲಿ ಆದ ಅನಾಹುತ. ಕ್ರಯಪತ್ರ, ಸಾಲದ ಪತ್ರ, ಪಾಲುಪಟ್ಟಿ, ಯಾವುದಕ್ಕೇ ಹೆಬ್ಬೆಟ್ಟು ಒತ್ತಿದರೂ ಅದರ ಜತೆ ಲಗತ್ತಿಸುವ ಆಧಾರ್ ಪ್ರತಿಯಲ್ಲಿ ಪೂರ್ತಿ ಸಂಖ್ಯೆ ಕಾಣದಂತೆ ನೋಡಿಕೊಳ್ಳಿ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಪೂರ್ತಿ ಜೆರಾಕ್ಸ್ ಮತ್ತು ಮಾಸ್ಕ್ ಮಾಡಿದ ಆಧಾರ್

ಜೆರಾಕ್ಸಿನ ಲಾಭ ಒಂದೇ: ಎಲ್ಲರೂ ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ. ನಷ್ಟ ಏನೆಂದರೆ ಕೊಟ್ಟ ಮೇಲೆ ಅದರ ಮೇಲೆ ನಿಮಗೆ ಯಾವ ಹಿಡಿತವೂ ಇರುವುದಿಲ್ಲ. ಜೆರಾಕ್ಸ್ ನೋಡಿ ಅಸಲಿಯೋ ನಕಲಿಯೋ ಹೇಳಲಿಕ್ಕೂ ಆಗುವುದಿಲ್ಲ, ಹಾಗಾಗಿ ಕೇಳುವವರಿಗೂ ಅದರಿಂದ ನಿಜವಾದ ಉಪಯೋಗ ಕಡಿಮೆ. ಫೈಲು ದಪ್ಪ ಕಾಣುತ್ತದೆ, ಅಷ್ಟೆ.

ಮಾಸ್ಕ್ಡ್ ಆಧಾರ್‌ನಲ್ಲಿ ಮೊದಲ 8 ಅಂಕಿಯ ಜಾಗದಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಇರುತ್ತದೆ, ಕೊನೆಯ 4 ಮಾತ್ರ ಕಾಣುತ್ತದೆ. ಹೆಸರು, ಫೋಟೊ, ವಿಳಾಸ ಎಲ್ಲ ಹಾಗೇ ಇರುತ್ತವೆ. ಯುಐಡಿಎಐ ಸಹಿ ಮಾಡಿದ ಕ್ಯೂಆರ್ ಕೋಡ್ ಕೂಡ ಇರುತ್ತದೆ. ಆ ಕೋಡನ್ನು ಯುಐಡಿಎಐ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿ ವಿವರವೂ ಫೋಟೊವೂ ತೆರೆದುಕೊಳ್ಳುತ್ತವೆ, ಪೂರ್ತಿ ಸಂಖ್ಯೆ ಮಾತ್ರ ಅದರಲ್ಲೂ ಇರುವುದಿಲ್ಲ. ಗುರುತು ಸಾಬೀತು ಮಾಡಲಿಕ್ಕೆ ಪೂರ್ತಿ ಜೆರಾಕ್ಸಿಗಿಂತ ಇದೇ ಗಟ್ಟಿ.

ತೆಗೆಯುವ ಕ್ರಮ ಹೀಗಿದೆ. ಮೈಆಧಾರ್ ತಾಣಕ್ಕೆ ಹೋಗಿ ಆಧಾರ್ ಸಂಖ್ಯೆ, ಚಿತ್ರದಲ್ಲಿರುವ ಅಕ್ಷರ ಮತ್ತು ಓಟಿಪಿ ಹಾಕಿ ಒಳಹೋಗಿ. 'ಡೌನ್‌ಲೋಡ್ ಆಧಾರ್' ಒತ್ತಿದಾಗ ಮಾಸ್ಕ್ಡ್ ಬೇಕೇ ಎಂದು ಕೇಳುವ ಚೌಕಕ್ಕೆ ಟಿಕ್ ಹಾಕಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಟಿಕ್ ಹಾಕದೆ ಇಳಿಸಿದರೆ ಪೂರ್ತಿ ಸಂಖ್ಯೆಯದ್ದೇ ಬರುತ್ತದೆ. ಇಳಿದ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಅದಕ್ಕೆ ಅಂಟಿಕೊಂಡು ಹುಟ್ಟಿದ ವರ್ಷ. ನಮ್ಮಲ್ಲಿ ಇನಿಷಿಯಲ್ ಇದ್ದವರೇ ಜಾಸ್ತಿ, ಅವರಿಗೆ ಇದು ತೆರೆಯುವುದೇ ಇಲ್ಲ. ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಅದರ ಚುಕ್ಕಿಯೂ ಒಂದು ಅಕ್ಷರವೇ. ಖಾಲಿ ಜಾಗಕ್ಕೆ ಮಾತ್ರ ಲೆಕ್ಕವಿಲ್ಲ. 'ಪಿ. ಕುಮಾರ್' ಅಂತಿದ್ದರೆ ಪಿ, ಚುಕ್ಕಿ, ಕೆ, ಯು, ಆಮೇಲೆ ವರ್ಷ. ಹೆಸರೇ ಮೂರು ಅಕ್ಷರದ್ದಾದರೆ ಆ ಮೂರರ ಮುಂದೆ ವರ್ಷ.

ಇಳಿಸಿದ ಹಾಳೆಯಲ್ಲಿ ಸಂಖ್ಯೆಯ ಕೆಳಗೆ 16 ಅಂಕಿಯ ವಿಐಡಿ (ಆಧಾರ್ ಬದಲು ಕೊಡುವ ತಾತ್ಕಾಲಿಕ ಸಂಖ್ಯೆ, ಮುಂದೆ ಹೇಳಿದ್ದೇನೆ) ಮುದ್ರಣವಾಗಿದ್ದರೆ ಅದನ್ನು ಕಪ್ಪು ಪೆನ್ನಿನಲ್ಲಿ ಮುಚ್ಚಿ, ಇಲ್ಲವೇ ಆಮೇಲೆ ಹೊಸ ವಿಐಡಿ ತೆಗೆದುಕೊಳ್ಳಿ, ಹಳೆಯದು ಸತ್ತುಹೋಗುತ್ತದೆ.

ಮಲೆನಾಡಿನವರು ಮಾಡಬೇಕಾದ ಒಂದು ಕೆಲಸ ಇದೆ. ಸಿಗ್ನಲ್ ಇರುವ ದಿನ, ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗ, ಮನೆಯವರೆಲ್ಲರ ಮಾಸ್ಕ್ಡ್ ಪ್ರತಿ ತಲಾ ಐದಾರು ಪ್ರಿಂಟ್ ಹಾಕಿಸಿ ಮನೆಯಲ್ಲಿಟ್ಟುಕೊಳ್ಳಿ. ಬೇಕಾದಾಗ ಇಳಿಸಿದರಾಯಿತು ಅನ್ನುವ ಲೆಕ್ಕಾಚಾರ ನಮ್ಮ ಕಡೆ ನಡೆಯುವುದಿಲ್ಲ. ಆಗುಂಬೆ ಕಡೆ ಜುಲೈ ಮಳೆಗೆ ಕರೆಂಟು ಹೋದರೆ ಟವರೂ ಹೋಗುತ್ತದೆ, ಓಟಿಪಿಯ ಆಯಸ್ಸು 10 ನಿಮಿಷ. ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಇಳಿದು ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.

ಇನ್ನು, ಪೂರ್ತಿ ಜೆರಾಕ್ಸೇ ಕೊಡಬೇಕಾಗಿ ಬಂದರೆ ಅದರ ಮೇಲೆ ಅಡ್ಡಲಾಗಿ ಉದ್ದೇಶ ಮತ್ತು ತಾರೀಖು ಬರೆದು ಸಹಿ ಹಾಕಿ: "ಬೆಳೆಸಾಲದ ಅರ್ಜಿಗೆ ಮಾತ್ರ", ಇಂಥ ದಿನಾಂಕ. ಅಂಚಿನಲ್ಲಿ ಬರೆದರೆ ಕತ್ತರಿಸಿ ತೆಗೆಯಬಹುದು. ಬರಹ ಫೋಟೊದ ಅಂಚನ್ನೂ ಹೆಸರನ್ನೂ ಹಾದುಹೋಗಬೇಕು, ಕ್ಯೂಆರ್ ಮೇಲೆ ಮಾತ್ರ ಹೋಗಬಾರದು. ಇದು ಕಳ್ಳನನ್ನು ಪೂರ್ತಿ ತಡೆಯುವ ಬೀಗವೇನಲ್ಲ, ಆದರೆ ಅದೇ ಕಾಪಿಯನ್ನು ಬೇರೆಲ್ಲೋ ಬಳಸಿದರೆ ಮುಂದೆ ತೋರಿಸಲಿಕ್ಕೆ ಒಂದು ಸಾಕ್ಷಿ.

ಜೆರಾಕ್ಸ್ ಅಂಗಡಿಯ ವಿಷಯಕ್ಕೆ ಬಂದರೆ, ಕಾರ್ಡು ಕೊಟ್ಟು ಕಾಪಿ ಮಾಡಿಸುವುದಕ್ಕಿಂತ ವಾಟ್ಸಾಪಿನಲ್ಲಿ ಫೈಲ್ ಕಳಿಸಿ ಪ್ರಿಂಟ್ ಹಾಕಿಸುವುದರಲ್ಲಿ ಅಪಾಯ ಹೆಚ್ಚು. ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಅದು ವರ್ಷಗಟ್ಟಲೆ ಕೂತಿರುತ್ತದೆ. ನಿಮ್ಮ ಫೋನಿನಲ್ಲಿ 'ಎಲ್ಲರಿಗೂ ಡಿಲೀಟ್' ಒತ್ತಿದರೆ ಸಂದೇಶ ಹೋಗುತ್ತದೆ, ಅಲ್ಲಿ ಇಳಿಸಿಕೊಂಡ ಫೈಲ್ ಹೋಗುವುದಿಲ್ಲ. ಕಳಿಸಲೇಬೇಕಾದರೆ ಮಾಸ್ಕ್ಡ್ ಪಿಡಿಎಫನ್ನೇ ಕಳಿಸಿ, ಪಾಸ್‌ವರ್ಡನ್ನು ಸಂದೇಶದಲ್ಲಿ ಬರೆಯದೆ ಅಲ್ಲೇ ನಿಂತು ನೀವೇ ಟೈಪ್ ಮಾಡಿ, ಪ್ರಿಂಟ್ ಬಂದ ಮೇಲೆ ಫೋಲ್ಡರಿನಿಂದ ತೆಗೆಯಲು ಹೇಳಿ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೂ ಅದು ಕಸವೇ.

ಇಲ್ಲಿ ಒಂದು ಹಳೆಯ ಸುದ್ದಿ ನೆನಪಿಸಬೇಕು. 2022ರ ಮೇ 27ರಂದು ಯುಐಡಿಎಐಯ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಆಧಾರ್ ಜೆರಾಕ್ಸನ್ನು ಸಿಕ್ಕಸಿಕ್ಕಲ್ಲಿ ಕೊಡಬೇಡಿ, ಮಾಸ್ಕ್ಡ್ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾಗುತ್ತಾರೆಂದು ಎರಡೇ ದಿನದಲ್ಲಿ ಕೇಂದ್ರ ಸಚಿವಾಲಯ ಅದನ್ನು ವಾಪಸು ತೆಗೆದುಕೊಂಡು, ಮಾಮೂಲಿ ಎಚ್ಚರ ಇದ್ದರೆ ಸಾಕು ಎಂದಿತು. ಹಿಂತೆಗೆದುಕೊಂಡದ್ದು ರಾಜಕೀಯವಾಗಿ ಅರ್ಥವಾಗುವ ಮಾತು, ಆದರೆ ಮೊದಲು ಹೇಳಿದ ಸಲಹೆಯೇ ಸರಿ ಇತ್ತು.

ವಿಐಡಿ: ಒಳ್ಳೆಯ ಉಪಾಯ, ಬಳಸುವ ಜಾಗ ಕಡಿಮೆ

ಆಧಾರ್ ಸಂಖ್ಯೆಯ ಬದಲಿಗೆ ಕೊಡಬಹುದಾದ 16 ಅಂಕಿಯ ತಾತ್ಕಾಲಿಕ ಸಂಖ್ಯೆ ಇದು, 2018ರಲ್ಲಿ ಬಂತು. ಇದರಿಂದ ಮೂಲ ಸಂಖ್ಯೆಯನ್ನು ಹಿಂದಕ್ಕೆ ಲೆಕ್ಕ ಹಾಕಿ ತೆಗೆಯಲಿಕ್ಕೆ ಬರುವುದಿಲ್ಲ. ನಮ್ಮ ಕಡೆಗೆ ಇದರ ದೊಡ್ಡ ಅನುಕೂಲ ಎಂದರೆ ಇಂಟರ್ನೆಟ್ ಬೇಡ, ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ. ಆಧಾರ್‌ಗೆ ಜೋಡಿಸಿದ ನಂಬರಿನಿಂದ 1947ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು: ಇಂಗ್ಲಿಷ್ ದೊಡ್ಡಕ್ಷರದಲ್ಲಿ ಜಿ, ವಿ, ಐ, ಡಿ, ಒಂದು ಜಾಗ ಬಿಟ್ಟು ಆಧಾರಿನ ಕೊನೆಯ 4 ಅಂಕಿ. ಹಿಂದೆ ತೆಗೆದದ್ದು ಮರೆತಿದ್ದರೆ ಜಿ ಬದಲು ಆರ್ ಹಾಕಿ.

ತೊಡಕು ಎಲ್ಲಿ? ಸಬ್ಸಿಡಿ, ಪಿಂಚಣಿ, ಪಹಣಿಗೆ ಆಧಾರ್ ಜೋಡಣೆ ಇಂಥ ಕೆಲಸದಲ್ಲಿ ಒಬ್ಬರಿಗೇ ಎರಡು ಸಲ ಹೋಗಬಾರದು ಎಂದು ನೋಡಲಿಕ್ಕೆ ಮೂಲ ಸಂಖ್ಯೆಯೇ ಬೇಕು. ಕೆಲವು ತಂತ್ರಾಂಶಗಳಲ್ಲಿ ಚೌಕವೇ 12 ಅಂಕಿಗೆ ನಿಂತುಬಿಡುತ್ತದೆ. ಹಾಗಾಗಿ ವಿಐಡಿಯನ್ನು ಮುಖ್ಯ ಆಯ್ಕೆ ಎಂದುಕೊಳ್ಳಬೇಡಿ. ಆನ್‌ಲೈನ್ ಕೆವೈಸಿ (ಗ್ರಾಹಕರ ಗುರುತು ಪರೀಕ್ಷೆ) ಮಾಡುವಾಗ "ಆಧಾರ್ / ವಿಐಡಿ" ಎಂದು ಎರಡೂ ಬರೆದಿದ್ದರೆ ಅಲ್ಲಿ ತಪ್ಪದೆ ವಿಐಡಿ ಕೊಡಿ.

ಇದರ ಸಂಬಂಧಿಯಂಥದ್ದು ಆಫ್‌ಲೈನ್ ಇ-ಕೆವೈಸಿ ಫೈಲ್ (ಪೂರ್ತಿ ಸಂಖ್ಯೆ ಇಲ್ಲದೆ ಗುರುತು ತೋರಿಸುವ, ಯುಐಡಿಎಐ ಸಹಿಯ ಫೈಲ್) ಮತ್ತು 2025ರ ನವೆಂಬರಿನಲ್ಲಿ ಬಂದ ಹೊಸ ಆಧಾರ್ ಆ್ಯಪ್. ಆ್ಯಪಿನಲ್ಲಿ ಬೇಕಾದ ವಿವರ ಮಾತ್ರ ಆರಿಸಿ ತೋರಿಸಬಹುದು. ಒಳ್ಳೆಯ ಫೋನು, ಒಳ್ಳೆಯ ಡೇಟಾ ಇರುವವರಿಗೆ ಸರಿ, ಮನೆಯ ಹಿರಿಯರಿಗೆ ಇನ್ನೂ ಕಾಗದದ ಮಾಸ್ಕ್ಡ್ ಪ್ರತಿಯೇ ವಾಸಿ.

ಬೇರೆ ಗುರುತು ಚೀಟಿ: ಎಲ್ಲರೂ ಮರೆಯುವ ಆಯ್ಕೆ

ಓಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್ ಇವೆಲ್ಲ ಬ್ಯಾಂಕಿನ ಕೆವೈಸಿಗೂ ರಿಸರ್ವ್ ಬ್ಯಾಂಕ್ ಒಪ್ಪಿದ ದಾಖಲೆಗಳೇ. ಸರ್ಕಾರದ ಸಬ್ಸಿಡಿ ಆ ಖಾತೆಗೆ ಬರಬೇಕಾಗಿಲ್ಲ ಅಂದರೆ ಖಾತೆ ತೆರೆಯಲು ಆಧಾರ್ ಬೇಕೇಬೇಕು ಎಂಬ ನಿಯಮವಿಲ್ಲ. ಆಧಾರನ್ನೇ ದಾಖಲೆಯಾಗಿ ಕೊಟ್ಟರೂ, ದೃಢೀಕರಣಕ್ಕೆ ಸಂಖ್ಯೆ ಬೇಡದ ಕಡೆ ಅದನ್ನು ಮುಚ್ಚಿಸಿಯೇ ತೆಗೆದುಕೊಳ್ಳಬೇಕು ಎಂದು ಬ್ಯಾಂಕಿಗೇ ಸೂಚನೆ ಇದೆ. ಕೌಂಟರಿನಲ್ಲಿ ಇದನ್ನು ಜಗಳದ ಧಾಟಿಯಲ್ಲಿ ಹೇಳದೆ, ಮಾಸ್ಕ್ಡ್ ಪ್ರತಿಯನ್ನೇ ಮುಂದಿಟ್ಟರೆ ಹೆಚ್ಚಿನ ಸಲ ಮಾತೇ ಬರುವುದಿಲ್ಲ.

ಶಕ್ತಿ ಯೋಜನೆಯ ಬಸ್ಸಿನಲ್ಲಿ ಕಂಡಕ್ಟರ್ ನೋಡುವುದು ಫೋಟೊ ಮತ್ತು ಕರ್ನಾಟಕದ ವಿಳಾಸ. ಓಟರ್ ಐಡಿ ತೋರಿಸಿದರೂ ನಡೆಯುತ್ತದೆ. (ನಮ್ಮಲ್ಲಿ ಎಷ್ಟೋ ಊರಿಗೆ ಓಡುವುದು ಖಾಸಗಿ ಬಸ್ಸು, ಅಲ್ಲಿ ಯಾವ ಕಾರ್ಡು ತೋರಿಸಿದರೂ ಟಿಕೆಟ್ಟಿಗೆ ದುಡ್ಡು ಕೊಡಲೇಬೇಕು, ಆ ಮಾತು ಬೇರೆ.) ಪೊಲೀಸರಿಗೆ ಡಿಎಲ್, ಆರ್‌ಸಿ ತೋರಿಸಲು ಡಿಜಿಲಾಕರ್ ಸಾಕು, ಅಸಲಿಗೆ ಸಮ ಎಂದು ನಿಯಮವೇ ಇದೆ. ಆದರೆ ಘಾಟಿಯಲ್ಲಿ ಸಿಗ್ನಲ್ ಇಲ್ಲದಾಗ ಡಿಜಿಲಾಕರ್ ತೆರೆಯದೆ ಕೈಕೊಡಬಹುದು, ಆದ್ದರಿಂದ ಮೊದಲೇ ಪಿಡಿಎಫ್ ಇಳಿಸಿಡಿ.

ಶಾಲೆಯ ಸೇರ್ಪಡೆಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲೇ ಹೇಳಿದೆ. ಶಾಲೆಯಲ್ಲಿ ಮಾಡಿಸುವ ಮಕ್ಕಳ 'ಅಪಾರ್' ಎಂಬ ವಿದ್ಯಾರ್ಥಿ ಐಡಿಗೆ ತಂದೆ ತಾಯಿಯ ಒಪ್ಪಿಗೆ ಪತ್ರ ಕೇಳುತ್ತಾರೆ. ಒಪ್ಪಿಗೆ ಅಂದ ಮೇಲೆ ಬೇಡ ಅನ್ನುವ ಹಕ್ಕೂ ಅದರಲ್ಲೇ ಇದೆ.

ಸಿಮ್ ಅಂಗಡಿ

ಇಲ್ಲಿ ಜೆರಾಕ್ಸ್ ಕೊಡುವವರು ಇನ್ನೂ ಇದ್ದಾರೆ. 2024ರ ಜನವರಿ 1ರಿಂದ ಸಿಮ್‌ಗೆ ಕಾಗದದ ಕೆವೈಸಿ ನಿಂತುಹೋಗಿದೆ, ಡಿಜಿಟಲ್ ಆಗಿಯೇ ಮಾಡಬೇಕು. ಕಾಪಿ ಕೇಳಿದರೆ ಯಾಕೆ ಎಂದು ಕೇಳಿ. ಬೆರಳು ಕೊಡುವಾಗ "ಬರ್ಲಿಲ್ಲ, ಇನ್ನೊಂದ್ಸಲ ಒತ್ತಿ" ಅಂದರೆ ಪರದೆ ತೋರಿಸಲು ಹೇಳಿ. ಎರಡನೇ ಸಲದ ಬೆರಳಿನಲ್ಲಿ ನಿಮ್ಮ ಹೆಸರಿಗೇ ಮತ್ತೊಂದು ಸಿಮ್ ತೆಗೆಯುವುದು ಹಳೆಯ ಮೋಸ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ದೂರಬಹುದು. ನಮ್ಮ ರಾಜ್ಯದಲ್ಲಿ ಒಬ್ಬರಿಗೆ 9ರ ಮಿತಿ. ಇದೇ ಹೆಸರಿನ ಆ್ಯಪನ್ನು ಹೊಸ ಫೋನುಗಳಲ್ಲೆಲ್ಲ ಕಡ್ಡಾಯವಾಗಿ ಹಾಕಬೇಕೆಂಬ ಆದೇಶ 2025ರ ಡಿಸೆಂಬರಿನಲ್ಲಿ ಗದ್ದಲವಾಗಿ ಕೆಲವೇ ದಿನದಲ್ಲಿ ಹಿಂದಕ್ಕೆ ಹೋಯಿತು. ಕಡ್ಡಾಯ ಬೇಡ ಅಂದದ್ದು ಸರಿ, ತಾಣ ಉಪಯೋಗಕ್ಕೆ ಬರುತ್ತದೆ ಅನ್ನುವುದೂ ಸರಿ.

ಮಲೆನಾಡಿನಲ್ಲಿ ಒಂದೊಂದು ಊರಿಗೆ ಒಂದೊಂದು ಕಂಪನಿಯ ಟವರು. ಹಾಗಾಗಿ ಜನ ಸಿಗ್ನಲ್ ಹುಡುಕಿಕೊಂಡು ಹೊಸ ನಂಬರ್ ತೆಗೆದುಕೊಳ್ಳುತ್ತಾರೆ, ಹಳೆಯದಕ್ಕೆ ರೀಚಾರ್ಜ್ ಮಾಡುವುದಿಲ್ಲ. ಬಳಸದೆ ಬಿಟ್ಟ ಪ್ರಿಪೇಯ್ಡ್ ನಂಬರ್ ಕೊನೆಗೆ ಬಂದ್ ಆಗಿ, ಬೇರೆಯವರ ಕೈಗೆ ಹೋಗುತ್ತದೆ. ಆಧಾರ್ ಓಟಿಪಿ ಆಮೇಲೆ ಅವರಿಗೆ ಬರುತ್ತದೆ. ಕಂಪನಿ ಬದಲಿಸುವುದಾದರೆ ಹೊಸ ನಂಬರಿಗಿಂತ ಪೋರ್ಟ್ ಮಾಡಿಸುವುದೇ ಒಳ್ಳೆಯದು, ನಂಬರ್ ಹಾಗೇ ಉಳಿಯುತ್ತದೆ. ಕಳೆದುಹೋದ ಸಿಮ್ಮಿಗೆ ಬದಲಿ ತೆಗೆದರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಗ್ರಾಮ ಒನ್‌ಗೆ ಹೋಗುವ ದಿನವೇ ಸಿಮ್ ಬದಲಿಸಿ ಓಟಿಪಿಗೆ ಕಾಯುವುದು ದಂಡ. ಯಾವ ನಂಬರ್ ಜೋಡಣೆಯಾಗಿದೆ ಎಂದು ಮರೆತಿದ್ದರೆ ಯುಐಡಿಎಐ ತಾಣದಲ್ಲಿ ಲಾಗಿನ್ ಇಲ್ಲದೆಯೇ ಆಧಾರ್ ಸಿಂಧುತ್ವ ಪರೀಕ್ಷಿಸಿ, ಮೊಬೈಲಿನ ಕೊನೆಯ 3 ಅಂಕಿ ತೋರಿಸುತ್ತದೆ. ನಂಬರ್ ಬದಲಿಸಲು ಪೇಟೆಗೇ ಹೋಗಬೇಕಾಗಿಲ್ಲ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮಾಡಿಕೊಡುವ ವ್ಯವಸ್ಥೆ 2021ರಿಂದ ಇದೆ. ನಿಮ್ಮ ಅಂಚೆ ಕಚೇರಿಯಲ್ಲಿ ಯಂತ್ರ ಇದೆಯೇ ಎಂದು ಕೇಳಿ ನೋಡಿ.

ಹೆಬ್ಬೆಟ್ಟು, ಮುಖ, ಓಟಿಪಿ

ರೇಷನ್, ಪಿಎಂ ಕಿಸಾನ್ ಇ-ಕೆವೈಸಿ, ಪಿಂಚಣಿಯ ಜೀವನ ಪ್ರಮಾಣ ಪತ್ರ, ಎಇಪಿಎಸ್ ಹಣ. ಇಲ್ಲಿ ಕಾಗದದ ಆಟ ನಡೆಯುವುದಿಲ್ಲ.

ಅಡಿಕೆ ಸುಲಿಯುವವರಿಗೆ ಬೆರಳೇ ದೊಡ್ಡ ಸಮಸ್ಯೆ. ಮೆಟ್ಟುಗತ್ತಿಯ ಮುಂದೆ ಒಂದು ತಿಂಗಳು ಕೂತರೆ ಹೆಬ್ಬೆರಳು, ತೋರುಬೆರಳಿನ ಗೆರೆ ಸವೆಯುತ್ತದೆ. ಅದರ ಮೇಲೆ ಚೊಗರು ಕೂತು ಚರ್ಮ ಗಟ್ಟಿಯಾಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವವರ ಕೈಯನ್ನು ಸುಣ್ಣ ತಿನ್ನುತ್ತದೆ. ಯಂತ್ರ 300 ಎಂಬ ದೋಷಸಂಖ್ಯೆ ತೋರಿಸಿದರೆ ಬೆರಳು ಹೊಂದಲಿಲ್ಲ ಎಂದರ್ಥ. ಆಗ ಕೈಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ಯಂತ್ರದ ಗಾಜನ್ನೂ ಒಣಬಟ್ಟೆಯಲ್ಲಿ ಒರೆಸಿ, ಉಂಗುರ ಬೆರಳು ಕೊಟ್ಟು ನೋಡಿ. ಅದು ಕಡಿಮೆ ಸವೆದಿರುತ್ತದೆ. ಗಟ್ಟಿಯಾಗಿ ಒತ್ತಬಾರದು, ಒತ್ತಿದರೆ ಗೆರೆ ಕಲಸಿ ಹೋಗುತ್ತದೆ. 330 ತೋರಿಸಿದರೆ ಬೆರಳಿನ ತಪ್ಪಲ್ಲ, ನಿಮ್ಮ ಬಯೊಮೆಟ್ರಿಕ್ ಲಾಕ್ ಆಗಿದೆ.

ಬೆರಳಚ್ಚು ಹೊಸದಾಗಿ ಕೊಡಲು ಆಧಾರ್ ಕೇಂದ್ರಕ್ಕೆ ಹೋಗುವುದಾದರೆ ಸುಲಿತದ ಕಾಲದಲ್ಲಿ ಹೋಗಲೇಬೇಡಿ. ಸವೆದ ಗೆರೆಯೇ ದಾಖಲಾದರೆ ಮುಂದೆ ಚರ್ಮ ಚೇತರಿಸಿದಾಗಲೂ ಹೊಂದುವುದಿಲ್ಲ. ಕೊಯ್ಲು ಸುಲಿತ ಮುಗಿದು ಕೈ ಹದಕ್ಕೆ ಬಂದ ಮೇಲೆ, ಏಪ್ರಿಲ್ ಮೇ ಹೊತ್ತಿಗೆ, ಬೋರ್ಡೋ ಶುರುವಾಗುವ ಮೊದಲು ಹೋಗಿ.

ಬೆರಳು ಬರದವರಿಗೆ ಮುಖ ಒಳ್ಳೆಯ ಬದಲಿ. ಪಿಎಂ ಕಿಸಾನ್ ಆ್ಯಪಿನಲ್ಲಿ 2023ರಿಂದ ಮುಖ ತೋರಿಸಿ ಇ-ಕೆವೈಸಿ ಮಾಡಬಹುದು, ಜೀವನ ಪ್ರಮಾಣಕ್ಕೂ ಇದೆ. ಫೋನಿನಲ್ಲಿ ಆಧಾರ್ ಫೇಸ್ ಆರ್‌ಡಿ ಎಂಬ ಇನ್ನೊಂದು ಆ್ಯಪ್ ಇರಬೇಕು, ಇಲ್ಲದಿದ್ದರೆ ಕ್ಯಾಮರಾ ತೆರೆಯುವುದೇ ಇಲ್ಲ. ಮಳೆಗಾಲದ ಮಂಕು ಬೆಳಕಿನಲ್ಲಿ ಜಗಲಿಯ ಒಳಗೆ ಇದು ಸೋಲುತ್ತದೆ. ಅಂಗಳಕ್ಕೆ ಬಂದು, ಬೆಳಕು ಮುಖದ ಮೇಲೆ ಬೀಳುವ ಹಾಗೆ ನಿಂತು, ಕಣ್ಣು ಮಿಟುಕಿಸಿ.

ಮೂರರಲ್ಲಿ ಯಾವುದು ಮೇಲು? ಸಿಗ್ನಲ್ ಇದ್ದಲ್ಲಿ ಓಟಿಪಿ, ಏಕೆಂದರೆ ಬೆರಳಿನ ಗುರುತು ಬೇರೆಯವರ ಯಂತ್ರಕ್ಕೆ ತಾಗುವುದೇ ಇಲ್ಲ. ಆಮೇಲೆ ನಿಮ್ಮದೇ ಫೋನಿನಲ್ಲಿ ಮುಖ. ಬೆರಳು ಕೊನೆಗೆ. ಆದರೆ ರೇಷನ್ ಅಂಗಡಿಯಲ್ಲಿ ಮೊದಲು ಕೇಳುವುದೇ ಬೆರಳು, ಅಲ್ಲಿ ಹಟ ಹಿಡಿದು ಅಕ್ಕಿ ಬಿಟ್ಟು ಬರಬೇಡಿ.

ಲಾಕ್ ಮಾಡಬೇಕೇ?

ಬಯೊಮೆಟ್ರಿಕ್ ಲಾಕ್ ಮಾಡಿದರೆ ಬೆರಳು, ಕಣ್ಣು, ಮುಖ ಮೂರೂ ನಿಲ್ಲುತ್ತವೆ, ಓಟಿಪಿ ಮಾತ್ರ ನಡೆಯುತ್ತದೆ. ಅಚ್ಚು ತೆಗೆದ ಬೆರಳಿನಿಂದ ಹಣ ಹೋಗುವುದಕ್ಕೆ ಇದಕ್ಕಿಂತ ಗಟ್ಟಿ ತಡೆ ಇಲ್ಲ. ಮೈಆಧಾರ್ ಒಳಗೆ ಲಾಕ್ ಆಯ್ಕೆ ಇದೆ. ಬೇಕಾದಾಗ ತಾತ್ಕಾಲಿಕವಾಗಿ ತೆರೆದರೆ 10 ನಿಮಿಷದ ನಂತರ ತಾನೇ ಮುಚ್ಚಿಕೊಳ್ಳುತ್ತದೆ.

ಪೇಟೆಯವರಿಗೆ ಈ ಸಲಹೆ ಸಲೀಸು. ತುಮರಿ ಕಡೆಯ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತು ಸಿಗ್ನಲ್ ಇಲ್ಲದೆ ಲಾಕ್ ತೆರೆಯುವುದು ಹೇಗೆ? ಹಾಗಾಗಿ ಮನೆಯೊಳಗೇ ಹಂಚಿಕೊಳ್ಳಿ. ರೇಷನ್ ತರುವ ಒಬ್ಬರ ಬಯೊಮೆಟ್ರಿಕ್ ತೆರೆದಿರಲಿ, ಉಳಿದವರದು, ಮುಖ್ಯವಾಗಿ ಬ್ಯಾಂಕಿನಲ್ಲಿ ದುಡ್ಡಿರುವವರದು, ಲಾಕ್ ಆಗಿರಲಿ. ತೆರೆದಿಟ್ಟವರ ಖಾತೆಗೆ ಎಇಪಿಎಸ್ ನಿಲ್ಲಿಸುವಂತೆ ಬ್ಯಾಂಕಿಗೆ ಒಂದು ಅರ್ಜಿ ಕೊಡಿ. ಗೃಹಲಕ್ಷ್ಮಿಯಂಥ ದುಡ್ಡು ಜಮಾ ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಜಮಾ ನಿಲ್ಲುವುದಿಲ್ಲ, ಬೆರಳಿನಲ್ಲಿ ತೆಗೆಯುವುದು ಮಾತ್ರ ನಿಲ್ಲುತ್ತದೆ. ಅಡಿಕೆ ಮಾರಿದ ದುಡ್ಡು ಬರುವ ಖಾತೆಯನ್ನೂ ಸರ್ಕಾರದ ಹಣ ಬರುವ ಖಾತೆಯನ್ನೂ ಬೇರೆ ಬೇರೆ ಬ್ಯಾಂಕಿನಲ್ಲಿ ಇಡಿ. ಮೊದಲನೆಯದಕ್ಕೆ ಆಧಾರ್ ಜೋಡಿಸದೆ ನಡೆಯುತ್ತದಾದರೆ ಜೋಡಿಸಲೇಬೇಡಿ.

ವಯಸ್ಸಾದವರು ಪಿಂಚಣಿಯನ್ನು ಎಇಪಿಎಸ್‌ನಲ್ಲೇ ತೆಗೆಯುತ್ತಿದ್ದರೆ ಅದನ್ನು ನಿಲ್ಲಿಸಲಿಕ್ಕಾಗದು. ಅಂಥವರು ಪ್ರತಿ ಸಲ ರಸೀದಿ ಕೇಳಿ ಪಡೆಯಬೇಕು. "ಫೇಲ್ ಆಯ್ತು, ಇನ್ನೊಮ್ಮೆ ಒತ್ತಿ" ಅಂದರೆ ಮೊದಲು ಬಾಕಿ ಎಷ್ಟಿದೆ ಎಂದು ನೋಡಿಸಬೇಕು. ನಿಜಕ್ಕೂ ಫೇಲ್ ಆಗಿ ಖಾತೆಯಿಂದ ಕಡಿತವಾಗಿದ್ದರೆ 5 ದಿನದೊಳಗೆ ವಾಪಸು ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದೆ.

ನೀವೇ ಕೇಳುವವರಾಗಿದ್ದರೆ

ಜೋಗ, ಆಗುಂಬೆ, ಕೊಡಚಾದ್ರಿ ಸುತ್ತ ಹೋಂಸ್ಟೇ ನಡೆಸುವವರು ಇದನ್ನು ಓದಬೇಕು. ಬಂದವರ ಆಧಾರ್ ಫೋಟೊ ವಾಟ್ಸಾಪಿನಲ್ಲಿ ತರಿಸಿಕೊಳ್ಳುವುದು ರೂಢಿ. ಅದು ನಿಮ್ಮ ಫೋನಿನ ಗ್ಯಾಲರಿಗೆ, ಅಲ್ಲಿಂದ ಕ್ಲೌಡ್ ಬ್ಯಾಕಪ್‌ಗೆ ಹೋಗಿ, ಫೋನ್ ಮಾರಿದ ಮೇಲೂ ಉಳಿಯುತ್ತದೆ. ಆಧಾರ್ ಕಾಯ್ದೆಯ 8ಎ ಕಲಂ ಪ್ರಕಾರ ಆಫ್‌ಲೈನಿನಲ್ಲಿ ಗುರುತು ಪರೀಕ್ಷಿಸುವವರು ಆಧಾರ್ ಸಂಖ್ಯೆಯನ್ನು ಸಂಗ್ರಹಿಸಿ ಇಟ್ಟುಕೊಳ್ಳುವಂತಿಲ್ಲ. ಮಾಡಬೇಕಾದ್ದು ಸರಳ: ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಯಾವ ಗುರುತು ಚೀಟಿ, ಅದರ ಕೊನೆಯ 4 ಅಂಕಿ ಬರೆದುಕೊಂಡು ಕಾರ್ಡು ವಾಪಸು ಕೊಡಿ. ಠಾಣೆಯವರು ಪ್ರತಿ ಇರಲಿ ಅಂದರೆ ಅತಿಥಿಗೆ ಮಾಸ್ಕ್ಡ್ ಪ್ರತಿ ಅಥವಾ ಡಿಎಲ್ ತರಲು ಬುಕಿಂಗ್ ದಿನವೇ ಹೇಳಿ, ಇಲ್ಲಿಗೆ ಬಂದ ಮೇಲೆ ಅವರಿಗೂ ಸಿಗ್ನಲ್ ಇರುವುದಿಲ್ಲ. ವಿದೇಶಿಯರಾದರೆ ಪಾಸ್‌ಪೋರ್ಟ್ ವಿವರವನ್ನು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು (ಫಾರಂ ಸಿ ಎಂದೇ ಜನ ಕರೆಯುವುದು), ಅದಕ್ಕೆ ರಿಯಾಯಿತಿ ಇಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು. ಗರಿಷ್ಠ ದಂಡ 250 ಕೋಟಿ ರೂಪಾಯಿ ಎಂದು ಕೇಳಿ ಹೋಂಸ್ಟೇಯವರು ಹೆದರಬೇಕಾಗಿಲ್ಲ, ಅದು ದೊಡ್ಡ ಕುಳಗಳ ಲೆಕ್ಕ. ಆದರೆ ಅತಿಥಿ "ನನ್ನ ಫೋಟೊ ಅಳಿಸಿ" ಎಂದು ಕೇಳುವ ಕಾಲ ಬರುತ್ತಿದೆ. ಇಟ್ಟುಕೊಳ್ಳದಿದ್ದರೆ ಅಳಿಸುವ ಕೆಲಸವೂ ಇಲ್ಲ.

ಇದೆಲ್ಲದರ ಬುಡದಲ್ಲಿರುವುದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಹಾಕಿದ ಅರ್ಜಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಅದೇ ಪ್ರಕರಣದಲ್ಲಿ. ಮರುವರ್ಷದ ತೀರ್ಪು ಸಬ್ಸಿಡಿಗೆ ಆಧಾರ್ ಇರಲಿ, ಖಾಸಗಿಯವರು ಕಡ್ಡಾಯ ಮಾಡುವುದು ಬೇಡ ಎಂದಿತು. ಆಧಾರ್ ಕಾಯ್ದೆಯ 2019ರ ತಿದ್ದುಪಡಿ, 2025ರ ಜನವರಿಯ ನಿಯಮ ಇವು ಖಾಸಗಿಯವರಿಗೆ ಬಾಗಿಲನ್ನು ಮತ್ತೆ ಸ್ವಲ್ಪ ತೆರೆದಿವೆ, ಆದರೆ ನಿಮ್ಮ ಒಪ್ಪಿಗೆ ಬೇಕು ಎಂಬ ಷರತ್ತಿನ ಮೇಲೆ. "ಸರ್ಕಾರವೇ ಕಡ್ಡಾಯ ಮಾಡಿದೆ" ಎಂದು ಅಂಗಡಿಯವರು ಹೇಳಿದರೆ ಯಾವ ಆದೇಶ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹಣ ಹೋಗಿಬಿಟ್ಟರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಬ್ಯಾಂಕಿಗೆ ಲಿಖಿತ ದೂರು, ಅದರ ಸ್ವೀಕೃತಿ. ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹೋದ ಹಣಕ್ಕೆ, ಬ್ಯಾಂಕಿನ ಸಂದೇಶ ಬಂದ ನಂತರ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಹೊಣೆ ಇಲ್ಲ ಎಂದು 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ. 4ರಿಂದ 7 ದಿನವಾದರೆ ಹೊಣೆ ಒಂದು ಮಿತಿಯವರೆಗೆ ನಿಮ್ಮದು. ಸಂದೇಶ ನೋಡದೆ ಇರುವುದೇ ಇಲ್ಲಿ ದೊಡ್ಡ ಅಡ್ಡಿ. ಖಾತೆಗೆ ಕೊಟ್ಟ ನಂಬರಿನ ಫೋನು ಸಿಗ್ನಲ್ ಇಲ್ಲದ ಮನೆಯಲ್ಲೇ ಇರುತ್ತದೆ, ಸಂದೇಶ ಪೇಟೆಗೆ ಹೋದಾಗ ಒಟ್ಟಿಗೆ ಬರುತ್ತದೆ.

ಹಾಗಾಗಿ ಪೇಟೆಗೆ ಹೋದಾಗಲೆಲ್ಲ ಮೈಆಧಾರ್‌ನಲ್ಲಿ 'ದೃಢೀಕರಣ ಇತಿಹಾಸ' ತೆರೆದು ನೋಡಿ. ಹಿಂದಿನ 6 ತಿಂಗಳಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಬೆರಳಿನಿಂದಲೋ ಓಟಿಪಿಯಿಂದಲೋ, ಯಾವ ಸಂಸ್ಥೆ ನಿಮ್ಮ ಆಧಾರ್ ಪರೀಕ್ಷಿಸಿತು ಎಂದು 50 ದಾಖಲೆವರೆಗೆ ತೋರಿಸುತ್ತದೆ. ರೇಷನ್ ತಂದ ದಿನ, ಪಿಂಚಣಿ ತೆಗೆದ ದಿನ ಹೊಂದಿಸಿ ನೋಡಿದರೆ ಉಳಿದದ್ದು ನಿಮ್ಮದಲ್ಲ. ಬೆರಳಿನದ್ದು ಎಂದು ತೋರಿಸುವ, ನಿಮಗೆ ನೆನಪೇ ಇಲ್ಲದ ಒಂದು ಸಾಲು ಕಂಡರೂ ಅಲ್ಲೇ, ಸಿಗ್ನಲ್ ಇರುವಾಗಲೇ, ಲಾಕ್ ಒತ್ತಿ ಬಸ್ಸು ಹತ್ತಿ.